ಹಳೆಯ ನುಡಿ ಕಡತ, ಹೊಸ ಲೈಬ್ರರಿ: ‘ಯಲವಿಗಿ’ ಒಡೆಯುವುದೆಲ್ಲಿ?

ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಕಡತಗಳಲ್ಲಿ ಇರುವುದು ಲ್ಯಾಟಿನ್ ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಸವಣೂರು ತಾಲ್ಲೂಕಿನ ‘ಯಲವಿಗಿ’ಯನ್ನೇ ನೋಡಿ. ‘ಯ’ ಒಂದಕ್ಕೇ 4 ಬೈಟ್. ‘ಲ’, ‘ವಿ’, ‘ಗಿ’ಗೆ ಒಂದೊಂದು. ‘ಗಿ’ ಇರಬೇಕಾದ ಜಾಗದಲ್ಲಿ ಕೂತಿರುವುದು ಇಂಗ್ಲಿಷಿನ ದೊಡ್ಡ ‘V’ ಅಕ್ಷರ.

ಇಂದಿನ ಬಹುಪಾಲು ಲೈಬ್ರರಿಗಳು ಪಠ್ಯವೆಂದರೆ ಯುಟಿಎಫ್-8 ಎಂದೇ ಭಾವಿಸುತ್ತವೆ. ಈ ಹೆಸರಿನ ಮೂರನೇ ಬೈಟಿನ ಬೆಲೆ 192. ಯುಟಿಎಫ್-8ರಲ್ಲಿ ಆ ಬೈಟ್ ಎಂದೂ ಬರುವಂತಿಲ್ಲ. ಹಾಗಾಗಿ ಪೈಥಾನ್ ಅಲ್ಲೇ ಎರರ್ ತೋರಿಸಿ ನಿಲ್ಲುತ್ತದೆ, ನಿಲ್ಲುವುದೇ ಕ್ಷೇಮ. ನಿಜವಾದ ಹಾನಿ ಆಗುವುದು ಎರರ್ ಕಡೆಗಣಿಸುವಂತೆ ‘ಇಗ್ನೋರ್’ ಹಾಕಿದಾಗ. ‘ವಿ’ ಸದ್ದಿಲ್ಲದೆ ಅಳಿಸಿಹೋಗುತ್ತದೆ. ‘ಯ’ದ ಕೊನೆಯ ಬೈಟ್ ‘ಲ’ದ ಬೈಟಿನೊಂದಿಗೆ ಸೇರಿ ಲಿಥುವೇನಿಯನ್ ಅಕ್ಷರವೊಂದಾಗುತ್ತದೆ. ಹೀಗೆ ಡೇಟಾಬೇಸ್ ಸೇರಿದ ಊರು ಹುಡುಕಿದರೂ ಸಿಗದು.

ಸರಿಯಾದ ದಾರಿ ಬೇರೆ. ಕಡತವನ್ನು ಮೊದಲು ವಿಂಡೋಸ್-1252 ಎಂದು ಓದಿಸಿ, ನಂತರ ನುಡಿಯ ಸಂಕೇತಪಟ್ಟಿಯಂತೆ ಯೂನಿಕೋಡ್‌ಗೆ ಬದಲಿಸಬೇಕು. ಉದ್ದದ ಸಂಕೇತಗಳನ್ನು ಮೊದಲು ಹೊಂದಿಸಬೇಕು, ಇಲ್ಲದಿದ್ದರೆ ‘ಯ’ ಚೂರಾಗುತ್ತದೆ. ಅರ್ಕಾವತ್ತಿಗೆ ವಿಶೇಷ ಗಮನ ಬೇಕು: ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಈ ಸ್ಥಾನ ತಿದ್ದದ ಪರಿವರ್ತಕಗಳಿಂದಲೇ ‘ಕರ್ನಾಟಕ’ವು ‘ಕನಾರ್ಟಕ’ ಆಗುವುದು.

ಪಟ್ಟಿಯಲ್ಲಿಲ್ಲದ ಸಂಕೇತ ಸಿಕ್ಕರೆ ಊಹಿಸಬಾರದು. ಆ ಸಾಲನ್ನು ಸಾಲುಸಂಖ್ಯೆ ಸಮೇತ ಲಾಗ್ ಕಡತಕ್ಕೆ ಬರೆದಿಡಬೇಕು. ಕನ್ನಡ ಬಲ್ಲವರು ಓದಿ ಒಪ್ಪುವವರೆಗೆ ಮೂಲ ಕಡತವನ್ನು ಮುಟ್ಟಬಾರದು.