ಬದುವಿನ ದಾವೆ ಬೇಗ ಮುಗಿಯಬೇಕಾದರೆ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ರೈತರು ಎರಡು ಗುಂಟೆ ಬದುವಿಗಾಗಿ ಜೋಳದ ಸುಗ್ಗಿ ಬಿಟ್ಟು ತಾರೀಖಿಗೆ ಅಲೆಯುವುದನ್ನು ನಾವು ಕಾಣುತ್ತಲೇ ಇದ್ದೇವೆ. ತಂದೆ ಹೂಡಿದ ದಾವೆಯನ್ನು ಮಗ ನಡೆಸುವುದೂ ಉಂಟು. ನ್ಯಾಯಾಧೀಶರ ಕೊರತೆಯನ್ನು ನೀಗಿಸುವುದು ಸರಕಾರದ ಹೊಣೆ. ಆದರೆ ವಿಳಂಬದ ಒಂದು ಪಾಲು ನಮ್ಮ ಕೈಯಲ್ಲಿಯೇ ಇದೆ.

ಕಾಯಿದೆ ಏನು ಹೇಳುತ್ತದೆ? ದಿವಾಣಿ ಪ್ರಕ್ರಿಯಾ ಸಂಹಿತೆಗೆ 2002ರ ಜುಲೈ 1ರಿಂದ ಬಂದ ತಿದ್ದುಪಡಿಯಂತೆ, ಸಮನ್ಸು ಮುಟ್ಟಿದ 30 ದಿನಗಳಲ್ಲಿ ಪ್ರತಿವಾದಿ ಕೈಫಿಯತ್ತು ಕೊಡಬೇಕು. ಕಾರಣವಿದ್ದರೆ 90 ದಿನ. ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುದ್ದತು ಕೊಡಬಾರದು. ತೀರ ಅನಿವಾರ್ಯವಾದಾಗ ಮಾತ್ರ ಇದಕ್ಕೆ ಸಡಿಲಿಕೆ ಉಂಟೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ದಾವೆಗಳನ್ನು ಸ್ವರೂಪ ನೋಡಿ ವಿಂಗಡಿಸಿ, ಒಂದೊಂದು ಹಂತಕ್ಕೂ ದಿನ ಗೊತ್ತುಮಾಡುವ ಮಾದರಿ ನಿಯಮಗಳೂ ಅದೇ ತೀರ್ಪಿನಲ್ಲಿ ಚರ್ಚೆಗೆ ಬಂದವು. ಎದುರಾಳಿ ಪದೇ ಪದೇ ಮುದ್ದತು ಕೇಳಿದರೆ, ಆಕ್ಷೇಪಿಸಿ ಖರ್ಚು ಕೇಳುವಂತೆ ನಿಮ್ಮ ವಕೀಲರಿಗೆ ಹೇಳಿರಿ.

ಇನ್ನು ನಾವು ಮಾಡಬೇಕಾದದ್ದು. ಮೊದಲನೆಯದು, ದಾವೆಗೆ ಮುಂಚೆಯೇ ಸರಕಾರಿ ಮೋಜಣಿ ಮಾಡಿಸಿ, ನಕಾಶೆ, ಸಾತ್‌ಬಾರಾ ಉತಾರೆ, ಖರೀದಿ ಪತ್ರ ಒಂದೇ ಕಡೆ ಕೂಡಿಡಿರಿ. ಹಳೆಯ ಕಾಗದ ಕನ್ನಡದಲ್ಲಿದ್ದರೆ ಮೊದಲೇ ಕೋರ್ಟಿನ ಭಾಷೆಗೆ ತರ್ಜುಮೆ ಮಾಡಿಸಿರಿ. ಇದಕ್ಕಾಗಿಯೇ ಒಂದೆರಡು ತಾರೀಖು ಹಾಳಾಗುತ್ತವೆ. ಎರಡನೆಯದು, ಪಕ್ಷಗಾರರಲ್ಲಿ ಯಾರಾದರೂ ತೀರಿಕೊಂಡರೆ 90 ದಿನಗಳೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಕೊಡಬೇಕು. ತಪ್ಪಿದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಎಬ್ಬಿಸಲು ಮತ್ತೆ ಅರ್ಜಿ, ಮತ್ತೆ ತಾರೀಖು. ಮೂರನೆಯದು, ದಾವೆಯ 16 ಅಕ್ಷರಾಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಮನೆಯ ಹುಡುಗರು ಅದನ್ನು ಇ-ಕೋರ್ಟಿನ ಮೊಬೈಲ್ ಆ್ಯಪಿನಲ್ಲಿ ಹಾಕಿ ಮುಂದಿನ ತಾರೀಖು ನೋಡಿ ಹೇಳುತ್ತಾರೆ. ಅದನ್ನು ತಿಳಿಯಲೆಂದೇ ಬಸ್ಸು ಹತ್ತಬೇಕಾಗಿಲ್ಲ.

ರಾಜಿಗೆ ಮನಸ್ಸಿದ್ದರೆ ಲೋಕ ಅದಾಲತ್ತು ಇದೆ. ಅಲ್ಲಿ ಶುಲ್ಕವಿಲ್ಲ, ಮೊದಲು ತುಂಬಿದ ಕೋರ್ಟು ಶುಲ್ಕವೂ ಮರಳಿ ಬರುತ್ತದೆ. ಅಲ್ಲಿನ ನಿರ್ಣಯದ ಮೇಲೆ ಅಪೀಲು ಇಲ್ಲವಾದ್ದರಿಂದ, ಓದಿಸಿ ಕೇಳಿ ತಿಳಿದ ಮೇಲೆಯೇ ಸಹಿ ಹಾಕಿರಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ಎಷ್ಟೇ ಇರಲಿ, ಧರ್ಮಾರ್ಥವಾಗಿ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು.

ಹದ ತಪ್ಪಿದ ಬಿತ್ತನೆ, ವೇಳೆ ತಪ್ಪಿದ ಕಾಗದ ಎರಡೂ ಒಂದೇ. ಬದುವಿನ ಎರಡು ಗುಂಟೆ ಉಳಿಸಲು ಹೋಗಿ ಎರಡು ಎಕರೆ ಮಾರುವ ಗತಿ ನಮ್ಮ ಯಾವ ರೈತನಿಗೂ ಬಾರದಿರಲಿ.