ನೆರೆಯ ವಿದ್ಯಾರ್ಥಿ, ಹೊರರಾಜ್ಯದ ಲೆಕ್ಕ

ವಿಶ್ವವಿದ್ಯಾನಿಲಯಗಳ ವರದಿಗಳು ವಿದ್ಯಾರ್ಥಿಗಳ ಮೂಲಸ್ಥಳವನ್ನು ಸಾಮಾನ್ಯವಾಗಿ ಅದೇ ರಾಜ್ಯ, ಹೊರರಾಜ್ಯ, ವಿದೇಶ ಎಂದು ವಿಂಗಡಿಸುತ್ತವೆ. ಆಡಳಿತಕ್ಕೆ ಇದು ಅನುಕೂಲ; ಗಡಿನಾಡಿನ ಮಟ್ಟಿಗೆ ಮಾತ್ರ ಹತ್ತಿರವನ್ನು ದೂರವಾಗಿಸುವ ಲೆಕ್ಕ. ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯಿಂದ ಕೇರಳದ ಗಡಿಗೆ ಕೆಲವೇ ಕಿಲೋಮೀಟರ್. ಮಂಜೇಶ್ವರ ತಾಲ್ಲೂಕಿನ ವಿದ್ಯಾರ್ಥಿನಿ ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಮನೆ ಸೇರಬಹುದು. ಬೀದರದವಳು ರಾಜ್ಯದ ಇನ್ನೊಂದು ತುದಿಯಿಂದ ಬಂದು ಹಾಸ್ಟೆಲಿನಲ್ಲಿ ನೆಲೆಸಬೇಕು. ಆದರೆ ವರದಿಯಲ್ಲಿ ಹೊರಗಿನವಳು ಮಂಜೇಶ್ವರದವಳೇ.

ಈ ಒಳಹೊರಗು ಬಹಳ ಹಳೆಯದಲ್ಲ. 1956ರ ನವೆಂಬರ್ 1ರವರೆಗೆ ಮಂಗಳೂರು, ಕಾಸರಗೋಡು ಎರಡೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಎರಡೂ 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ಪುನರ್ವಿಂಗಡಣೆಯ ಬಳಿಕ ದಾರಿಗಳು ಬೇರೆಯಾದವು. ಮಂಗಳೂರಿನಲ್ಲಿ 1968ರಲ್ಲಿ ತೆರೆದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಕಾಸರಗೋಡು 1968ರಲ್ಲಿ ಆರಂಭವಾದ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದು, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಪೂರ್ವದ ಗಡಿಯಲ್ಲಿ ಇದೇ ಸಂಗತಿ ಇನ್ನೊಂದು ರೂಪದಲ್ಲಿದೆ. ರಾಯದುರ್ಗಕ್ಕೆ ಬಳ್ಳಾರಿ ಹತ್ತಿರ, ಜಿಲ್ಲಾ ಕೇಂದ್ರವಾದ ಅನಂತಪುರ ದೂರ. ಎರಡೂ ನಗರಗಳಲ್ಲಿ ಶ್ರೀಕೃಷ್ಣದೇವರಾಯನ ಹೆಸರು ಹೊತ್ತ ಸರಕಾರಿ ವಿಶ್ವವಿದ್ಯಾನಿಲಯಗಳಿವೆ. ಆದರೆ 1974ರ ರಾಷ್ಟ್ರಪತಿ ಆದೇಶ ಆಂಧ್ರದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 85ರಷ್ಟು ಸ್ಥಾನಗಳನ್ನು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲಿಟ್ಟಿತು. ಹೀಗೆ ರಾಯದುರ್ಗದ ವಿದ್ಯಾರ್ಥಿ ದೂರದ ಅನಂತಪುರದಲ್ಲಿ ಸ್ಥಳೀಯ, ಹತ್ತಿರದ ಬಳ್ಳಾರಿಯಲ್ಲಿ ಹೊರರಾಜ್ಯದವನು. ಯಾರು ಎಲ್ಲಿ ಓದುತ್ತಾರೆಂಬುದನ್ನು ದಾರಿಯ ದೂರದಷ್ಟೇ ಪ್ರವೇಶದ ನಿಯಮವೂ ನಿರ್ಧರಿಸುತ್ತದೆ.

ನಿಯಮ ಬೇರೆ ಬಗೆಯಲ್ಲಿಯೂ ಇರಬಲ್ಲದು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆಯ ಮೂಲಕ ಅರ್ಹತೆ ಪಡೆಯುವ ಅವಕಾಶವಿದೆ. ವಾಸಸ್ಥಳದ ಜತೆಗೆ ಭಾಷೆಯ ನಂಟನ್ನೂ ಪರಿಗಣಿಸಬಹುದೆಂದು ಇಲ್ಲಿ ಸರಕಾರವೇ ಒಪ್ಪಿದಂತಾಗಿದೆ.

ಅಂಕಿಅಂಶಗಳಲ್ಲಿ ಮಾತ್ರ ಈ ಒಪ್ಪಿಗೆ ಕಾಣುವುದಿಲ್ಲ. ಕೇರಳದ ದೂರದ ಜಿಲ್ಲೆಯಿಂದ ಮಂಗಳೂರಿಗೆ ಬಂದ ಮಲಯಾಳ ಮಾಧ್ಯಮದ ವಿದ್ಯಾರ್ಥಿಯೂ ಮಂಜೇಶ್ವರದ ಕನ್ನಡ ಶಾಲೆಯಲ್ಲಿ ಓದಿದವಳೂ 'ಹೊರರಾಜ್ಯ' ಎಂಬ ಒಂದೇ ಸಂಖ್ಯೆಯಲ್ಲಿ ಕರಗುತ್ತಾರೆ. ಇದರ ಪರಿಣಾಮ ಗಡಿಯ ಆಚೆಗೂ ಇದೆ. ಕಾಸರಗೋಡಿನ ಕನ್ನಡ ಪದವಿ ತರಗತಿಯಲ್ಲಿ ಮಕ್ಕಳು ಕಡಿಮೆಯಾದರೆ ಕನ್ನಡ ಓದುವವರೇ ಕಡಿಮೆಯಾದರೋ, ಅವರು ಕೊಣಾಜೆಯ ಬಸ್ಸು ಹತ್ತಿದರೋ ಎಂಬುದು ಲೆಕ್ಕದಿಂದ ತಿಳಿಯದು. ಮೊದಲನೆಯದಾದರೆ ಶಾಲೆಗಳತ್ತ ಗಮನ ಹರಿಸಬೇಕು. ಎರಡನೆಯದಾದರೆ ಕಾಲೇಜಿನ ಪಠ್ಯಕ್ರಮ ಮತ್ತು ಸೌಲಭ್ಯಗಳತ್ತ. ಕಾರಣ ತಿಳಿಯದೆ ಅಧ್ಯಾಪಕ ಹುದ್ದೆಯನ್ನು ಕೈಬಿಟ್ಟರೆ ಉಳಿದ ವಿದ್ಯಾರ್ಥಿಗಳಿಗೂ ಊರಿನ ದಾರಿ ಮುಚ್ಚುತ್ತದೆ.

ಪರಿಹಾರ ದುಬಾರಿಯಲ್ಲ. ರಾಜ್ಯದ ಹೆಸರಿನೊಂದಿಗೆ ಮನೆಯ ತಾಲ್ಲೂಕನ್ನೂ ಶಾಲಾ ಶಿಕ್ಷಣದ ಮಾಧ್ಯಮವನ್ನೂ ವರದಿಯಲ್ಲಿ ದಾಖಲಿಸಿದರೆ ಸಾಕು. ಆಗ ಗಡಿ ದಾಟಿ ಬಂದವರಲ್ಲಿ ನೆರೆಯವರು ಯಾರೆಂಬುದು ಎರಡೂ ರಾಜ್ಯಗಳಿಗೆ ಕಾಣುತ್ತದೆ.