ಅಂಕದ ಬೆನ್ನುಹತ್ತಿದ ದೋಣಿ

ಕೋಸ್ಟ್ ರನ್ನರ್ಸ್ ಎಂಬುದು ದೋಣಿ ಓಟದ ವಿಡಿಯೊ ಗೇಮ್. ಉಳಿದ ದೋಣಿಗಳಿಗಿಂತ ಮೊದಲು ಓಟ ಮುಗಿಸಬೇಕು ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಆದರೆ ಅದರಲ್ಲಿ ಮುಂದೆ ಸಾಗಿದ್ದಕ್ಕೆ ಅಂಕವಿಲ್ಲ. ದಾರಿಯಲ್ಲಿಟ್ಟ ಫಲಕಗಳಿಗೆ ಬಡಿದರೆ ಮಾತ್ರ ಸಿಗುತ್ತದೆ. 2016ರಲ್ಲಿ ಓಪನ್‌ಎಐ ಸಂಸ್ಥೆಯ ಸಂಶೋಧಕರು ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಈ ಆಟ ಕಲಿಸುವಾಗ ಅಂಕ ಹೆಚ್ಚಿಸಿಕೊಳ್ಳುವುದೊಂದನ್ನೇ ಗುರಿಯಾಗಿ ಕೊಟ್ಟರು. ಅದು ಓಟವನ್ನೇ ಕೈಬಿಟ್ಟಿತು. ಪಕ್ಕದ ಹಿನ್ನೀರಿನಂಥ ಜಾಗಕ್ಕೆ ನುಗ್ಗಿ, ಹೊಡೆದಷ್ಟೂ ಮತ್ತೆ ಹುಟ್ಟಿಕೊಳ್ಳುವ ಮೂರು ಫಲಕಗಳ ನಡುವೆ ಗಿರಕಿ ಹೊಡೆಯತೊಡಗಿತು. ದೋಣಿಗೆ ಬೆಂಕಿ ಹತ್ತಿತು, ಬೇರೆ ದೋಣಿಗಳಿಗೆ ಡಿಕ್ಕಿಯಾಯಿತು. ಆದರೂ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ 20ರಷ್ಟು ಹೆಚ್ಚು ಅಂಕ ಗಳಿಸಿತು. ಆಟದಲ್ಲಿ ಬಾಯಲ್ಲಿ ಹೇಳಿದ ಗುರಿ ಒಂದು, ಲೆಕ್ಕಕ್ಕೆ ಹಿಡಿದ ಗುರಿ ಇನ್ನೊಂದು. ಪ್ರೋಗ್ರಾಮು ಲೆಕ್ಕದ ಕಡೆ ಹೋಯಿತು. ಗೆಲುವಿನ ನಿಯಮವನ್ನು ಆಟ ಮುಗಿಸುವ ಒಂದು ಔಪಚಾರಿಕತೆ ಎಂದು ಎಣಿಸುವ ವಿನ್ಯಾಸಕರು ಈ ಪ್ರಯೋಗವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲ ನಿಮಿಷದಿಂದಲೇ ಆಡುವವರ ಒಂದೊಂದು ನಡೆಯನ್ನೂ ರೂಪಿಸುವುದು ಆ ನಿಯಮವೇ.

ಯಂತ್ರಕ್ಕೆ ವಿವೇಕವಿಲ್ಲ, ಮನುಷ್ಯರು ಹಾಗೆ ಆಡುವುದಿಲ್ಲ ಎಂದು ಯಾರಾದರೂ ವಾದಿಸಬಹುದು. 1994ರ ಜನವರಿಯಲ್ಲಿ ಕೆರಿಬಿಯನ್ ಕಪ್ ಫುಟ್‌ಬಾಲಿನ ಅರ್ಹತಾ ಸುತ್ತಿನಲ್ಲಿ ಬಾರ್ಬಡೋಸ್ ಮತ್ತು ಗ್ರೆನಡಾ ಆಡಿದ ಪಂದ್ಯದ ಮುಂದೆ ಈ ವಾದ ನಿಲ್ಲುವುದಿಲ್ಲ. ಮುಂದಿನ ಹಂತಕ್ಕೆ ಹೋಗಲು ಬಾರ್ಬಡೋಸ್ ಎರಡು ಗೋಲುಗಳ ಅಂತರದಿಂದ ಗೆಲ್ಲಬೇಕಿತ್ತು. ಹೆಚ್ಚುವರಿ ಸಮಯದಲ್ಲಿ ಬೀಳುವ ನಿರ್ಣಾಯಕ ಗೋಲನ್ನು ಎರಡೆಂದು ಎಣಿಸುವುದು ಆ ಟೂರ್ನಿಯ ನಿಯಮ. 2–0 ಮುಂದಿದ್ದ ಬಾರ್ಬಡೋಸ್ ಕೊನೆಯ ಹೊತ್ತಿಗೆ ಒಂದು ಗೋಲು ಬಿಟ್ಟುಕೊಟ್ಟಿತು. ಉಳಿದ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಗೋಲಿಗಾಗಿ ಹೆಣಗುವುದಕ್ಕಿಂತ ಪಂದ್ಯವನ್ನು ಸಮ ಮಾಡಿ ಹೆಚ್ಚುವರಿ ಸಮಯಕ್ಕೆ ಎಳೆಯುವುದೇ ಲಾಭವೆಂದು ಕಂಡು, ಅದರ ಆಟಗಾರರು ಬೇಕೆಂದೇ ತಮ್ಮದೇ ಗೋಲಿನೊಳಗೆ ಚೆಂಡು ಹೊಡೆದರು. ಹುನ್ನಾರ ಅರಿತ ಗ್ರೆನಡಾಕ್ಕೆ ಈಗ ಯಾವ ತುದಿಯಲ್ಲಿ ಗೋಲಾದರೂ ಸರಿಯೇ, ಏಕೆಂದರೆ ಒಂದು ಗೋಲಿನಿಂದ ಸೋತರೂ ಮುಂದಿನ ಹಂತಕ್ಕೆ ಹೋಗುವವರು ಅವರೇ. ಹಾಗಾಗಿ ಬಾರ್ಬಡೋಸ್ ಮೈದಾನದ ಎರಡೂ ತುದಿಗಳನ್ನು ಕಾಯಬೇಕಾಯಿತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು 4–2ರ ಲೆಕ್ಕದಲ್ಲಿ ಗೆದ್ದಿತು. ಆಟಗಾರರನ್ನು ದೂರುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ನಿಯಮ ಏನು ಕೇಳಿತೋ ಅದನ್ನು ಅವರು ಕೊಟ್ಟರು.

ಗುರಿಗೆ ಇಷ್ಟೊಂದು ಬಲ ಬರುವುದೇಕೆ? ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ನಡೆಸಿದ ಅಧ್ಯಯನಗಳು ಇದಕ್ಕೆ ಒಂದು ಉತ್ತರ ಕೊಡುತ್ತವೆ. ‘ಕೈಲಾದಷ್ಟು ಚೆನ್ನಾಗಿ ಮಾಡು’ ಎಂದಾಗ ಮನುಷ್ಯ ತೋರುವ ಸಾಧನೆಗಿಂತ, ಖಚಿತವಾದ ಮತ್ತು ತುಸು ಕಷ್ಟದ ಗುರಿ ಕೊಟ್ಟಾಗ ತೋರುವ ಸಾಧನೆ ಹೆಚ್ಚು. ಎಷ್ಟು ದೂರ ಬಂದೆವೆಂಬುದು ಆಗಾಗ ತಿಳಿಯುತ್ತಿರಬೇಕು, ಅಷ್ಟೆ. ಅಲೆಕ್ಸಿ ಪಾಜಿಟ್ನೊವ್ ಮಾಸ್ಕೊದಲ್ಲಿ ರೂಪಿಸಿದ ಟೆಟ್ರಿಸ್ ಈ ಎರಡನ್ನೂ ಒಂದೇ ಏಟಿಗೆ ಸಾಧಿಸುತ್ತದೆ. ಬೀಳುವ ತುಂಡುಗಳಿಂದ ಅಡ್ಡಸಾಲು ತುಂಬಬೇಕು; ತುಂಬಿದ ಸಾಲು ಅಲ್ಲೇ ಮಾಯವಾಗುತ್ತದೆ, ಬಿಟ್ಟ ತೂತು ಕಣ್ಣೆದುರೇ ಉಳಿಯುತ್ತದೆ. ಮೂಲ ಟೆಟ್ರಿಸ್‌ನಲ್ಲಿ ಗೆಲುವೆಂಬುದೇ ಇಲ್ಲ, ತುಂಡುಗಳು ಮೇಲಿನವರೆಗೆ ಪೇರಿದಾಗ ಸೋಲಷ್ಟೇ. ಆದರೂ ಈಗ ಏನು ಮಾಡಬೇಕು ಎಂಬ ಗೊಂದಲ ಆಡುವವರಿಗೆ ಬರುವುದಿಲ್ಲ.

ಹಾಗಾದರೆ ಗುರಿಯೇ ಇಲ್ಲದ ಆಟಗಳು ಹೇಗೆ ಗೆದ್ದವು ಎಂಬ ಆಕ್ಷೇಪ ಹೆಚ್ಚು ತೂಕದ್ದು. ವಿಲ್ ರೈಟ್ ನಗರ ಕಟ್ಟುವ ಸಿಮ್‌ಸಿಟಿಯನ್ನು ರೂಪಿಸಿದಾಗ ಬ್ರೋಡರ್‌ಬಂಡ್ ಸಂಸ್ಥೆ ಅದನ್ನು ಪ್ರಕಟಿಸಲು ಹಿಂಜರಿದದ್ದು ಇದರಲ್ಲಿ ಗೆಲುವು ಸೋಲುಗಳಿಲ್ಲ ಎಂಬ ಕಾರಣಕ್ಕೇ. 1989ರಲ್ಲಿ ಹೊರಬಂದ ಆಟ ಅಪಾರ ಜನಪ್ರಿಯವಾಯಿತು. ಆದರೆ ಆ ಹೊತ್ತಿಗೆ ಅದರಲ್ಲಿ ಗಡುವಿನ ಸವಾಲುಗಳೂ ಸೇರಿದ್ದವು: 1906ರ ಭೂಕಂಪದ ನಂತರದ ಸ್ಯಾನ್ ಫ್ರಾನ್ಸಿಸ್ಕೊವನ್ನು ಮತ್ತೆ ಕಟ್ಟುವುದು, ಬರ್ನ್ ನಗರದ ವಾಹನ ದಟ್ಟಣೆ ತಗ್ಗಿಸುವುದು, ಹೀಗೆ. ಅವನ್ನು ಮುಟ್ಟದೆ ಆಡಿದವರಿಗೂ ಜನಸಂಖ್ಯೆ, ಖಜಾನೆ, ನಾಗರಿಕರ ದೂರುಗಳು ಸದಾ ಕಾಣುತ್ತಿದ್ದವು. ಆ ಅಳತೆಗಳಿಂದಲೇ ಅವರು ತಮ್ಮ ಗುರಿ ಕಟ್ಟಿಕೊಂಡರು. ಗುರಿ ಆರಿಸುವ ಸ್ವಾತಂತ್ರ್ಯ ಕೊಡುವ ಆಟದಲ್ಲಿ ಅಳತೆಗಳ ಸ್ಪಷ್ಟತೆ ಇನ್ನೂ ಹೆಚ್ಚು ಬೇಕು.

ಗುರಿ ಸ್ಪಷ್ಟವಾದಷ್ಟೂ ಆಟ ಯಾಂತ್ರಿಕವಾಗುತ್ತದೆ ಎಂಬ ದೂರೂ ಇದೆ. ನಕ್ಷೆಯ ಮೇಲಿನ ಬಾಣದ ಗುರುತನ್ನು ಹಿಂಬಾಲಿಸುವುದಷ್ಟೇ ಉಳಿದ ಆಟಗಳನ್ನು ಕಂಡಾಗ ಇದು ನಿಜವೆನಿಸುತ್ತದೆ. ಆದರೆ ಅಲ್ಲಿ ಸ್ಪಷ್ಟವಾಗಿರುವುದು ಗುರಿಯಲ್ಲ, ದಾರಿ. 2017ರಲ್ಲಿ ಬಂದ ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್ ಇವೆರಡನ್ನೂ ಬೇರ್ಪಡಿಸಿತು. ಆರಂಭದ ಪ್ರಸ್ಥಭೂಮಿಯ ಕೆಲಸ ಮುಗಿಯುತ್ತಲೇ ಖಳನಾಯಕ ಗ್ಯಾನನ್‌ನನ್ನು ಸೋಲಿಸಬೇಕೆಂಬ ಅಂತಿಮ ಗುರಿ ಸಿಗುತ್ತದೆ. ಅವನಿರುವ ಕೋಟೆ ಬಲುದೂರದಿಂದಲೂ ಕಾಣುತ್ತದೆ. ನೇರ ಅಲ್ಲಿಗೇ ನುಗ್ಗಬಹುದು, ಹತ್ತಾರು ಗಂಟೆ ಸುತ್ತಾಡಿ ಬಲ ಕೂಡಿಸಿಕೊಂಡೂ ಹೋಗಬಹುದು. ನಮ್ಮ ಆಡುಹುಲಿ ಆಟದಲ್ಲೂ ಹುಲಿ ಆಡುಗಳನ್ನು ತಿನ್ನಬೇಕು, ಆಡುಗಳು ಹುಲಿಗಳನ್ನು ಅಲುಗಾಡದಂತೆ ಕಟ್ಟಿಹಾಕಬೇಕು ಎಂಬುದನ್ನು ಮಗುವಿಗೂ ಒಂದು ನಿಮಿಷದಲ್ಲಿ ಹೇಳಿಕೊಡಬಹುದು. ಹೇಗೆ ಎಂಬುದನ್ನು ಆಡಿಯೇ ಕಲಿಯಬೇಕು.